ಆಯಿಲ್ ಕಡ್ಡಿ ದಿನಕ್ಕೊಂದು ಲೆಕ್ಕ ಹೇಳಿದರೆ ಏನು ಮಾಡಬೇಕು?



ಹಳಿಯಾಳದ ಕಡೆ ಕಬ್ಬಿನ ಕಟಾವು, ಮುಂಡಗೋಡದ ಕಡೆ ಭತ್ತ, ಗೋವಿನಜೋಳದ ಕೆಲಸ ಶುರುವಾದರೆ ಸಾಕು, ನನಗೆ ಒಂದೇ ತರಹದ ಪ್ರಶ್ನೆ ಪದೇ ಪದೇ ಬರುತ್ತದೆ. "ಅಣ್ಣಾ, ನಿನ್ನೆ ಕಡ್ಡಿ ಮ್ಯಾಲೆ ಆಯಿಲ್ ಫುಲ್ ಇತ್ತು, ಇವತ್ತ ಅರ್ಧಕ್ಕ ಬಂದೈತಿ. ಸಂಜಿಗೆ ನೋಡಿದ್ರ ಮತ್ತ ಮ್ಯಾಲೆ. ಇಂಜಿನ್ ಹೋತೇನು?" ಕೇಳುವವರ ಹತ್ತಿರ ಇರೋದು ಹಳೆಯ ಓಮ್ನಿ, ಮಾರುತಿ 800, ಇಲ್ಲಾ ಬೊಲೆರೊ. ಮನೆ ಮಂದಿಗೂ ಅದೇ ಗಾಡಿ, ಗೊಬ್ಬರದ ಚೀಲಕ್ಕೂ ಅದೇ ಗಾಡಿ.

ಈ ಅನುಮಾನದಲ್ಲಿ ಗ್ಯಾರೇಜಿಗೆ ಹೋದರೆ "ಇಂಜಿನ್ ಇಳಿಸಬೇಕು" ಅನ್ನೋ ಮಾತು ಬರಬಹುದು. ಹತ್ತಾರು ಸಾವಿರದ ಖರ್ಚು, ಸುಗ್ಗಿಯ ಹೊತ್ತಲ್ಲಿ ಗಾಡಿ ಇಲ್ಲ. ಹಂಗಂತ ಸುಮ್ಮನೆ ಓಡಿಸಿದರೆ ಇಂಜಿನ್ ಜಾಮ್ ಆಗುವ ಭಯ. ಅದಕ್ಕೇ ಮೊದಲೇ ಹೇಳಿಬಿಡ್ತೀನಿ: ಒಂದು ದಿನದ ರೀಡಿಂಗ್ ನಂಬಿ ಇಂಜಿನ್ ಬಿಚ್ಚಬೇಡಿ. ಆದರೆ ಆಯಿಲ್ ಮಟ್ಟ ನಿಜವಾಗಿ ಏರುತ್ತಾ ಇದ್ದರೆ ಒಂದು ದಿನವೂ ತಡ ಮಾಡಬೇಡಿ.

ಮೊದಲು ಅಳತೆ ಸರಿ ಇದೆಯಾ ನೋಡ್ರಿ

ನಾನು ನೋಡಿದ ಗಾಡಿಗಳಲ್ಲಿ ಅರ್ಧಕ್ಕೂ ಹೆಚ್ಚು ಸಲ ತೊಂದರೆ ಇಂಜಿನ್‌ನಲ್ಲಿ ಅಲ್ಲ, ಅಳೆಯುವ ರೀತಿಯಲ್ಲಿ ಇರುತ್ತದೆ.

1. ಇಳಿಜಾರು: ಜೋಯಿಡಾ, ದಾಂಡೇಲಿ ಕಡೆ ಎಷ್ಟೋ ಮನೆಗಳ ಅಂಗಳ ಸಮತಟ್ಟಾಗಿರುವುದಿಲ್ಲ. ಗಾಡಿ ಓರೆ ನಿಂತರೆ ಚೇಂಬರ್‌ನಲ್ಲಿರುವ ಆಯಿಲ್ ಒಂದು ಬದಿಗೆ ಸರಿಯುತ್ತದೆ. ಇವತ್ತು ಮುಖ ಮೇಲೆ, ನಾಳೆ ಮುಖ ಕೆಳಗೆ ಮಾಡಿ ನಿಲ್ಲಿಸಿದರೆ ಎರಡು ಬೇರೆ ಲೆಕ್ಕ ಸಿಗುತ್ತದೆ.

2. ಬಿಸಿ: ಆಯಿಲ್ ಬಿಸಿಯಾದರೆ ಹಿಗ್ಗುತ್ತದೆ, ಪ್ರತಿ 10 ಡಿಗ್ರಿಗೆ ಸುಮಾರು ಶೇ. 0.7ರಷ್ಟು. 5 ಲೀಟರ್ ಆಯಿಲ್ 25 ಡಿಗ್ರಿಯಿಂದ 85 ಡಿಗ್ರಿಗೆ ಏರಿದರೆ 200 ಮಿ.ಲೀ. ಹೆಚ್ಚಾದಂತೆ ಕಾಣುತ್ತದೆ. ಬಹಳಷ್ಟು ಗಾಡಿಗಳಲ್ಲಿ ಕಡ್ಡಿಯ ಮೇಲಿನ ಗುರುತಿಗೂ ಕೆಳಗಿನ ಗುರುತಿಗೂ ಇರುವ ವ್ಯತ್ಯಾಸವೇ ಮುಕ್ಕಾಲರಿಂದ ಒಂದು ಲೀಟರ್. ಅದರಲ್ಲಿ 200 ಮಿ.ಲೀ. ಅಂದರೆ ಕಣ್ಣಿಗೆ ಕಾಣುವಷ್ಟೇ.

3. ಅವಸರ: ಇಂಜಿನ್ ಬಂದ್ ಮಾಡಿದ ಕೂಡಲೇ ನೋಡಿದರೆ ಸ್ವಲ್ಪ ಆಯಿಲ್ ಇನ್ನೂ ಹೆಡ್‌ನಲ್ಲೇ ಇರುತ್ತದೆ, ಕಡ್ಡಿ ಕಡಿಮೆ ತೋರಿಸುತ್ತದೆ.

4. ಕಡ್ಡಿ: ಒರೆಸದೆ ನೋಡುವುದು, ಪೂರ್ತಿ ಒಳಗೆ ಕೂರಿಸದೆ ತೆಗೆಯುವುದು. ಪೈಪಿನ ಗೋಡೆಗೆ ಅಂಟಿದ ಆಯಿಲ್ ಕಡ್ಡಿಯ ಒಂದು ಮಗ್ಗುಲಿಗೆ ಮೆತ್ತಿಕೊಂಡು ಹೆಚ್ಚು ತೋರಿಸಬಹುದು. ಎರಡೂ ಮಗ್ಗುಲು ನೋಡಿ, ಕಡಿಮೆ ಇರುವುದನ್ನೇ ಲೆಕ್ಕಕ್ಕೆ ಹಿಡೀರಿ.

ಮೊಬೈಲ್‌ನಲ್ಲೇ ಲೆಕ್ಕ ಇಡ್ರಿ

ಸಮತಟ್ಟಾದ ಒಂದೇ ಜಾಗ ಆರಿಸಿಕೊಳ್ಳಿ. ಬೆಳಿಗ್ಗೆ, ಇಂಜಿನ್ ಚಾಲೂ ಮಾಡುವ ಮೊದಲು ಕಡ್ಡಿ ತೆಗೆದು ಒರೆಸಿ, ಪೂರ್ತಿ ಹಾಕಿ, ಮತ್ತೆ ತೆಗೆದು ಫೋಟೊ ಹೊಡೆಯಿರಿ. ಜೊತೆಗೆ ಮೀಟರ್‌ನಲ್ಲಿರುವ ಕಿಲೋಮೀಟರ್‌ದೂ ಒಂದು ಫೋಟೊ. ಕೆಲವು ಕಂಪನಿಗಳ ಪುಸ್ತಕದಲ್ಲಿ ಬಿಸಿ ಇಂಜಿನ್‌ನಲ್ಲಿ ನೋಡಲು ಹೇಳಿರುತ್ತಾರೆ. ಆಯಿಲ್ ತುಂಬುವಾಗ ಅದನ್ನೇ ಪಾಲಿಸಿ. ದಿನದಿಂದ ದಿನಕ್ಕೆ ಹೋಲಿಸಲು ಮಾತ್ರ ಬೆಳಗಿನ ತಣ್ಣನೆ ಅಳತೆ ಒಳ್ಳೆಯದು.

ಎರಡು ವಾರ ಹೀಗೆ ಮಾಡಿ. ನಡುವೆ ಆಯಿಲ್ ಹಾಕಿದರೆ ಎಷ್ಟು ಅಂತ ಬರೆದಿಡಿ. ಮಟ್ಟ ಕೆಳಗಿನ ಗುರುತಿಗಿಂತ ಇಳಿದರೆ ಮಾತ್ರ ಎರಡು ವಾರ ಕಾಯಬೇಡಿ, ಕೂಡಲೇ ಹಾಕಿ. ಫೋಟೊಗಳನ್ನು ಸಾಲಾಗಿ ನೋಡಿದಾಗ ಎಲ್ಲ ಒಂದೇ ಮಟ್ಟ ಇದ್ದರೆ ಇಂಜಿನ್ ಚೆನ್ನಾಗಿದೆ, ನಿಶ್ಚಿಂತೆಯಿಂದ ಇರಿ.

ಇಳಿಯುತ್ತಾ ಹೋದರೆ

ಆಯಿಲ್ ಒಂದೋ ಸೋರುತ್ತಿದೆ, ಇಲ್ಲಾ ಉರಿಯುತ್ತಿದೆ. ರಾತ್ರಿ ಇಂಜಿನ್ ಕೆಳಗೆ ರಟ್ಟು ಹಾಸಿ ಇಡಿ. ಬೆಳಿಗ್ಗೆ ಹನಿ ಬಿದ್ದಿದ್ದರೆ ಅದರ ನೇರಕ್ಕೆ ಮೇಲೆ ಹುಡುಕಿ: ಟ್ಯಾಪೆಟ್ ಕವರ್ ಪ್ಯಾಕಿಂಗ್, ಆಯಿಲ್ ಫಿಲ್ಟರ್, ಚೇಂಬರ್ ನಟ್, ಹಿಂದಿನ ಆಯಿಲ್ ಸೀಲ್. ಕೆಂಪು ಧೂಳು ಹಸಿಯಾಗಿ ಮೆತ್ತಿಕೊಂಡ ಜಾಗವೇ ನಿಮಗೆ ದಾರಿ ತೋರಿಸುತ್ತದೆ.

ಹನಿ ಇಲ್ಲದಿದ್ದರೆ ಹೊಗೆ ನೋಡಿ. ಬೆಳಿಗ್ಗೆ ಚಾಲೂ ಮಾಡಿದಾಗ ಮಾತ್ರ ಒಂದು ಸಲ ನೀಲಿ ಹೊಗೆ ಬಂದು ನಿಂತರೆ ವಾಲ್ವ್ ಸೀಲ್ ಮೇಲೆ ಅನುಮಾನ. ಲೋಡ್ ಹಾಕಿ ಏರು ಹತ್ತುವಾಗ ಉದ್ದಕ್ಕೂ ನೀಲಿ ಹೊಗೆ ಬಂದರೆ, ಕಡ್ಡಿ ತೆಗೆದಾಗ ಆ ಪೈಪಿನಿಂದ ಬುಸುಬುಸು ಗಾಳಿ ಬಂದರೆ, ಅದು ನಮ್ಮ ಮೆಕ್ಯಾನಿಕ್‌ಗಳು ಹೇಳುವ ಬ್ಯಾಕ್ ಕಂಪ್ರೆಷನ್. ರಿಂಗ್ ಸವೆದಿರಬಹುದು.

ನನ್ನ ಲೆಕ್ಕ ಇಷ್ಟು: ಹಳೆ ಗಾಡಿ 1000 ಕಿ.ಮೀ.ಗೆ ಅರ್ಧ ಲೀಟರ್ ಒಳಗೆ ಕುಡಿದರೆ ಹಾಕ್ತಾ ಓಡಿಸ್ರಿ. ಒಂದು ಲೀಟರ್ ಹತ್ತಿರ ಹೋದರೆ ರಿಪೇರಿಗೆ ದುಡ್ಡು ಕೂಡಿಡಲು ಶುರು ಮಾಡ್ರಿ.

ಒಮ್ಮೆ ಏರಿ ಒಮ್ಮೆ ಇಳಿದರೆ

ಅಳತೆ ಸರಿ ಇದ್ದೂ ಹೀಗಾಗುವುದುಂಟು. ಮುಖ್ಯವಾಗಿ ಹಳೆ ಪೆಟ್ರೋಲ್ ಗಾಡಿಗಳಲ್ಲಿ. ದಿನಾ ಬೆಳಿಗ್ಗೆ ಹಾಲಿನ ಡೇರಿಗೆ ಎರಡು ಕಿಲೋಮೀಟರ್, ವಾಪಸ್ ಎರಡು ಕಿಲೋಮೀಟರ್. ಇಂಜಿನ್ ಬಿಸಿಯೇ ಆಗುವುದಿಲ್ಲ. ಚೋಕ್ ಎಳೆದಾಗ ಹೆಚ್ಚು ಹೋದ ಪೆಟ್ರೋಲ್ ಸ್ವಲ್ಪ ಸ್ವಲ್ಪವೇ ಚೇಂಬರ್‌ಗೆ ಇಳಿಯುತ್ತದೆ. ಪೆಟ್ರೋಲ್ ಉರಿದಾಗ ಹುಟ್ಟುವ ನೀರಾವಿಯೂ ತಣ್ಣನೆ ಇಂಜಿನ್‌ನಲ್ಲಿ ನೀರಾಗಿ ಆಯಿಲ್ ಸೇರುತ್ತದೆ. ಇತ್ತ ಆಯಿಲ್ ಕಡಿಮೆಯಾಗುತ್ತಿದ್ದರೂ ಈ ಕಲಬೆರಕೆ ಅದನ್ನು ಮುಚ್ಚಿಡುತ್ತದೆ. ಕಡ್ಡಿ "ಫುಲ್" ಅನ್ನುತ್ತದೆ.

ಆಮೇಲೆ ಒಂದು ದಿನ ಹಳಿಯಾಳದಿಂದ ಧಾರವಾಡಕ್ಕೋ, ಮುಂಡಗೋಡದಿಂದ ಹುಬ್ಬಳ್ಳಿಗೋ ಹೋಗಿ ಬರ್ತೀರಿ. ಆಯಿಲ್ ಚೆನ್ನಾಗಿ ಕಾಯ್ದು ನೀರು, ಪೆಟ್ರೋಲ್ ಆವಿಯಾಗಿ ಹೋಗುತ್ತದೆ. ಮರುದಿನ ಕಡ್ಡಿ ಅರ್ಧ! ಅರ್ಧ ಲೀಟರ್ ಆಯಿಲ್ ಒಂದೇ ದಿನದಲ್ಲಿ ಮಾಯವಾಗಿಲ್ಲ. ಎಷ್ಟೋ ವಾರಗಳಿಂದ ಕಡಿಮೆಯಾಗುತ್ತಾ ಬಂದದ್ದು ಅವತ್ತು ಕಂಡಿತು, ಅಷ್ಟೇ.

ಇದಕ್ಕೆ ಮದ್ದು ಸರಳ. ವಾರಕ್ಕೊಮ್ಮೆ ಅರ್ಧ ತಾಸಿಗೂ ಹೆಚ್ಚು ಒಂದೇ ಸಮ ಓಡಿಸಿ. ಕಿಲೋಮೀಟರ್ ಆಗಿಲ್ಲ ಅಂತ ಕಾಯದೆ ಆಯಿಲ್ ಬೇಗ ಬದಲಿಸಿ. ಮಳೆಗಾಲದಲ್ಲಿ ಆಯಿಲ್ ಮುಚ್ಚಳದ ಒಳಗೆ ಸ್ವಲ್ಪ ಬಿಳಿ ನೊರೆ ಕಂಡರೆ ಅದು ಬಹುತೇಕ ಇದೇ ನೀರು. ಕಡ್ಡಿಯ ಮೇಲಿನ ಆಯಿಲ್ ಸ್ವಚ್ಛ ಇದ್ದು, ಕೂಲಂಟ್ ಕಡಿಮೆಯಾಗದಿದ್ದರೆ ಹೆದರಬೇಡಿ.

ಏರುತ್ತಲೇ ಹೋದರೆ ಗಾಡಿ ನಿಲ್ಲಿಸಿ

ಇಳಿಯುವುದಕ್ಕಿಂತ ಇದು ಅಪಾಯ. ನೀವು ಹಾಕದೆ ಆಯಿಲ್ ಹೆಚ್ಚುವುದಿಲ್ಲ, ಒಳಗೆ ಬೇರೇನೋ ಸೇರುತ್ತಿದೆ.

ಮೂಸಿ ನೋಡಿ. ಪೆಟ್ರೋಲ್ ವಾಸನೆ ಬಲವಾಗಿದ್ದರೆ, ಕಾರ್ಬುರೇಟರ್ ಗಾಡಿಯಲ್ಲಿ ಫ್ಯುಯೆಲ್ ಪಂಪಿನ ಡಯಾಫ್ರಾಮ್ ಹರಿದಿರಬಹುದು. ಡೀಸೆಲ್ ಗಾಡಿಯಲ್ಲಿ ಇಂಜೆಕ್ಟರ್, ಫೀಡ್ ಪಂಪ್, ಡೀಸೆಲ್ ಪಂಪಿನ ಸೀಲ್ ನೋಡಿಸಬೇಕು. ಡೀಸೆಲ್ ಪೆಟ್ರೋಲಿನಂತೆ ಸುಲಭಕ್ಕೆ ಆವಿಯಾಗದು, ಆದ್ದರಿಂದ ಮಟ್ಟ ಏರುತ್ತಲೇ ಇರುತ್ತದೆ. ತೆಳುವಾದ ಆಯಿಲ್ ಬೇರಿಂಗ್ ತಿನ್ನುತ್ತದೆ. ಅತಿಯಾಗಿ ತುಂಬಿದರೆ ಆಯಿಲ್ ಬ್ರೀದರ್ ಮೂಲಕ ಗಾಳಿಯ ದಾರಿಗೆ ನುಗ್ಗಿ, ಡೀಸೆಲ್ ಇಂಜಿನ್ ತನ್ನ ಆಯಿಲನ್ನೇ ಉರಿಸಿಕೊಂಡು ಓಡತೊಡಗಬಹುದು. ಆಗ ಕೀ ತೆಗೆದರೂ ನಿಲ್ಲುವುದಿಲ್ಲ.

ಕಡ್ಡಿಯ ಮೇಲಿನ ಆಯಿಲೇ ಹಾಲು ಬೆರೆಸಿದ ಚಹಾದ ಬಣ್ಣಕ್ಕೆ ತಿರುಗಿದ್ದರೆ ಕೂಲಂಟ್ ಸೇರಿದೆ. ಹೆಡ್ ಗ್ಯಾಸ್ಕೆಟ್ ಅಥವಾ ಆಯಿಲ್ ಕೂಲರ್ ನೋಡಿಸಬೇಕು. ರೇಡಿಯೇಟರ್ ನೀರಿನ ಮಟ್ಟವನ್ನು ಇಂಜಿನ್ ಪೂರ್ತಿ ತಣ್ಣಗಾದ ಮೇಲೆಯೇ ನೋಡಿ. ಈ ಸ್ಥಿತಿಯಲ್ಲಿ ಗಾಡಿಯನ್ನು ಗ್ಯಾರೇಜಿಗೆ ಓಡಿಸಿಕೊಂಡು ಹೋಗಬೇಡಿ, ಎಳೆಸಿಕೊಂಡು ಹೋಗಿ.

ಕೆಂಪು ದೀಪದ ಮಾತೇ ಬೇರೆ

ಡ್ಯಾಶ್‌ಬೋರ್ಡಿನ ಕೆಂಪು ಆಯಿಲ್ ದೀಪ ಈ ಹಳೆ ಗಾಡಿಗಳಲ್ಲಿ ತೋರಿಸುವುದು ಆಯಿಲ್ ಎಷ್ಟಿದೆ ಅಂತ ಅಲ್ಲ, ಒತ್ತಡ ಇದೆಯೋ ಇಲ್ಲವೋ ಅಂತ. ಜೋಯಿಡಾದಿಂದ ಅಣಶಿ ಘಟ್ಟ ಇಳಿದು ಕದ್ರಾ ಕಡೆ ಹೋಗುವಾಗ ತಿರುವಿನಲ್ಲಿ ದೀಪ ಮಿನುಗಿದರೆ, ಆಯಿಲ್ ಕಡಿಮೆಯಾಗಿ ಪಂಪ್ ಗಾಳಿ ಎಳೆಯುತ್ತಿರಬಹುದು. ಮುಂದಿನ ಊರು ಬರಲಿ ಅನ್ನಬೇಡಿ. ಸುರಕ್ಷಿತ ಜಾಗ ಸಿಕ್ಕ ಕೂಡಲೇ ನಿಲ್ಲಿಸಿ ಇಂಜಿನ್ ಬಂದ್ ಮಾಡಿ. ಘಟ್ಟಕ್ಕೆ ಇಳಿಯುವಾಗ ಗಾಡಿಯಲ್ಲಿ ಒಂದು ಲೀಟರ್ ಆಯಿಲ್ ಇಟ್ಟುಕೊಂಡಿರುವುದು ಜಾಣತನ. ಮಟ್ಟ ಸರಿ ಇದ್ದೂ ದೀಪ ಉರಿದರೆ ಮತ್ತೆ ಚಾಲೂ ಮಾಡಬೇಡಿ.

ಗ್ಯಾರೇಜಿಗೆ ಹೋದಾಗ

"ಆಯಿಲ್ ಕಡಿಮಿ ಆಗ್ತೈತಿ" ಅಂತ ಅಷ್ಟೇ ಹೇಳಬೇಡಿ. ಎರಡು ವಾರದ ಫೋಟೊ ತೋರಿಸಿ, ಎಷ್ಟು ಕಿಲೋಮೀಟರಿಗೆ ಎಷ್ಟು ಹಾಕಿದಿರಿ, ಹೊಗೆ ಯಾವಾಗ ಬರುತ್ತದೆ, ಹನಿ ಎಲ್ಲಿ ಬೀಳುತ್ತದೆ ಎಂದು ಹೇಳಿ. ಇಂಜಿನ್ ಇಳಿಸುವ ಮಾತು ಬಂದರೆ ಮೊದಲು ಕಂಪ್ರೆಷನ್ ಗೇಜ್ ಹಾಕಿಸಿ, ಪ್ರತಿ ಸಿಲಿಂಡರ್‌ನ ಅಂಕಿ ಬರೆಸಿಕೊಳ್ಳಿ. ಅಂಕಿ ಚೆನ್ನಾಗಿದ್ದು ಬೆಳಿಗ್ಗೆ ಮಾತ್ರ ಹೊಗೆ ಬರುತ್ತಿದ್ದರೆ, ವಾಲ್ವ್ ಸೀಲ್‌ನಲ್ಲೇ ಕೆಲಸ ಮುಗಿಯಬಹುದು.

ಸುಗ್ಗಿಗೆ ಇನ್ನೂ ದಿನ ಇದ್ದರೆ ನಾಳೆ ಬೆಳಿಗ್ಗೆಯೇ ಮೊದಲ ಫೋಟೊ ತಗೊಳ್ರಿ. ಇದಕ್ಕೆ ಖರ್ಚು ಒಂದು ಬಟ್ಟೆ ತುಂಡು, ಎರಡು ನಿಮಿಷ.