ಪುಟ್ಟ ರಾಕೆಟ್ ನೆಟ್ಟಗೆ ಹಾರುವುದು ಹೇಗೆ?

ದೀಪಾವಳಿಯ ರಾಕೆಟ್ಟಿಗೆ ಉದ್ದನೆಯ ಕಡ್ಡಿ ಕಟ್ಟಿರುತ್ತಾರಲ್ಲ, ಅದು ಬಾಟಲಿಯಲ್ಲಿ ನಿಲ್ಲಲಿ ಎಂದಷ್ಟೇ ಅಲ್ಲ. ಕಡ್ಡಿ ಕಿತ್ತ ರಾಕೆಟ್ಟಿನಲ್ಲಿ ಮದ್ದು ಅಷ್ಟೇ ಇರುತ್ತದೆ, ಬತ್ತಿಯೂ ಅದೇ. ಆದರೆ ಅದು ಮೇಲೇರುವುದಿಲ್ಲ, ಸುತ್ತಿ ಸುತ್ತಿ ಎತ್ತೆಂದರತ್ತ ನುಗ್ಗುತ್ತದೆ. ರಾಕೆಟ್ಟನ್ನು ಮೇಲೆ ಕಳಿಸುವುದು ಮದ್ದು, ನೆಟ್ಟಗೆ ಕಳಿಸುವುದು ತೂಕದ ಹದ. ಮಾದರಿ ರಾಕೆಟ್ ಕಟ್ಟುವವರು ಕಲಿಯಬೇಕಾದದ್ದು ಈ ಎರಡನೆಯದನ್ನು.

ನಮ್ಮ ನಾಡಿಗೆ ಇದು ಹೊಸ ವಿದ್ಯೆಯೇನಲ್ಲ. ಹೈದರ್ ಮತ್ತು ಟಿಪ್ಪು ಕಾಲದ ಮೈಸೂರು ರಾಕೆಟ್ಟುಗಳಿಗೆ ಕಬ್ಬಿಣದ ಕೊಳವೆ, ಅದಕ್ಕೆ ಬಿಗಿದ ಉದ್ದನೆಯ ಬಿದಿರು. ಕಬ್ಬಿಣ ಹೆಚ್ಚು ಒತ್ತಡ ತಡೆದುಕೊಳ್ಳುತ್ತಿದ್ದರಿಂದ ಅವು ದೂರ ಹೋಗುತ್ತಿದ್ದವು, ಬಿದಿರು ದಿಕ್ಕು ಕಾಯುತ್ತಿತ್ತು. 1780ರ ಪೊಳ್ಳಿಲೂರು ಕಾಳಗದಲ್ಲಿ ಅವುಗಳ ಪೆಟ್ಟು ತಿಂದ ಇಂಗ್ಲಿಷರು, 1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮೇಲೆ ಕೆಲವನ್ನು ತಮ್ಮ ದೇಶಕ್ಕೆ ಒಯ್ದರು. ಅಲ್ಲಿನ ವಿಲಿಯಂ ಕಾಂಗ್ರೀವ್ ತನ್ನ ರಾಕೆಟ್ಟುಗಳನ್ನು ಮಾಡಿದ್ದು ಅದರ ನಂತರ. ಶಿವಮೊಗ್ಗ ಜಿಲ್ಲೆಯ ನಗರ ಎಂಬ ಊರಿನಲ್ಲಿ 2018ರಲ್ಲಿ ಒಂದು ಹಳೆಯ ಬಾವಿಯ ಕೆಸರು ತೆಗೆದಾಗ ಇಂಥ ಗೇಣುದ್ದದ ಕೊಳವೆಗಳು ಸಾವಿರಕ್ಕೂ ಹೆಚ್ಚು ಸಿಕ್ಕವು.

ಈಗಿನ ಮಾದರಿ ರಾಕೆಟ್ ಆಟ ಹುಟ್ಟಿದ್ದು ಅಮೆರಿಕದಲ್ಲಿ. 1950ರ ದಶಕದಲ್ಲಿ ಅಲ್ಲಿನ ಹುಡುಗರು ಕಬ್ಬಿಣದ ಕೊಳವೆಗೆ ತಾವೇ ಮದ್ದು ತುಂಬಿ ಗಾಯಗೊಳ್ಳುತ್ತಿದ್ದರು. ನೆಬ್ರಾಸ್ಕದಲ್ಲಿ ಚಪ್ಪಲಿ ಅಂಗಡಿ ಇಟ್ಟಿದ್ದ ಆರ್ವಿಲ್ ಕಾರ್ಲೈಲ್ 1954ರಲ್ಲಿ ರಟ್ಟಿನ ಕೊಳವೆಯ ರಾಕೆಟ್ ಮಾಡಿ, ಬೇರೆಯಾಗಿ ತಯಾರಿಸಿದ ಪುಟ್ಟ ಮೋಟರನ್ನು ಅದಕ್ಕೆ ಕೂರಿಸಿದ. ಹಾರಿಸಿದ ಮೇಲೆ ಖಾಲಿ ಮೋಟರ್ ತೆಗೆದು ಹೊಸದು ಹಾಕಿದರಾಯಿತು, ರಾಕೆಟ್ ಹಾಗೇ ಉಳಿಯುತ್ತದೆ. ಮುಂದೆ ವರ್ನ್ ಎಸ್ಟಸ್ ಎಂಬಾತ ಆ ಮೋಟರುಗಳನ್ನು ಯಂತ್ರದಲ್ಲಿ ಮಾಡತೊಡಗಿದ. ಹಾರಿಸುವವನು ಮದ್ದು ಮುಟ್ಟಲೇಬಾರದು ಎನ್ನುವುದು ಅಂದಿನಿಂದ ಈ ಆಟದ ಮೊದಲ ಕಟ್ಟಳೆ.

ಮಾದರಿ ರಾಕೆಟ್ ಕಿಟ್ಟಿನ ಪೆಟ್ಟಿಗೆ ತೆರೆದರೆ ಸಿಗುವುದು ಸ್ವಲ್ಪವೇ: ಸುಮಾರು 25 ಮಿ.ಮೀ. ಅಗಲದ ರಟ್ಟಿನ ಕೊಳವೆ, ಪ್ಲಾಸ್ಟಿಕ್ ಮೂತಿ, ಬಾಲ್ಸಾ ಎಂಬ ಹಗುರ ಮರದ ಹಾಳೆಯ ಮೂರು ರೆಕ್ಕೆ, ಎಲಾಸ್ಟಿಕ್ ದಾರ, ಪ್ಲಾಸ್ಟಿಕ್ ಹಾಳೆಯ ಪ್ಯಾರಾಶೂಟ್, ಮೋಟರ್ ಕೂರಿಸುವ ಒಳಗೊಳವೆ. ಎಲ್ಲ ಸೇರಿ ನಲವತ್ತು ಗ್ರಾಂ ತೂಗುವುದೂ ಕಷ್ಟ.

ಇದರಲ್ಲಿ ಸಮಯ ಕೊಡಬೇಕಾದದ್ದು ರೆಕ್ಕೆಗೆ. ಮೂರು ರೆಕ್ಕೆ ಸಮ ಅಂತರದಲ್ಲಿರಬೇಕು. ಕಾಗದದ ಪಟ್ಟಿಯನ್ನು ಕೊಳವೆಗೆ ಸುತ್ತಿ, ಸೇರುವ ಕಡೆ ಗುರುತು ಮಾಡಿ. 25 ಮಿ.ಮೀ. ಕೊಳವೆಯಾದರೆ ಸುತ್ತಳತೆ ಸುಮಾರು 78 ಮಿ.ಮೀ. ಬರುತ್ತದೆ. ಪಟ್ಟಿ ಬಿಚ್ಚಿ 26 ಮಿ.ಮೀ.ಗೊಂದು ಗೆರೆ ಎಳೆದು, ಮತ್ತೆ ಸುತ್ತಿ ಆ ಗುರುತುಗಳನ್ನು ಕೊಳವೆಗೆ ಇಳಿಸಿ. ಉರುಟು ಕೊಳವೆಯ ಮೇಲೆ ಉದ್ದಕ್ಕೆ ನೇರ ಗೆರೆ ಎಳೆಯುವುದು ಸ್ಕೇಲಿನಿಂದ ಆಗದ ಕೆಲಸ. ಕೊಳವೆಯನ್ನು ಬಾಗಿಲ ಚೌಕಟ್ಟಿನ ಒಳಮೂಲೆಗೆ ಒತ್ತಿ ಹಿಡಿದು, ಚೌಕಟ್ಟಿನ ಅಂಚಿಗೇ ಪೆನ್ಸಿಲ್ ಓಡಿಸಿದರೆ ಕೂದಲೆಳೆಯಷ್ಟೂ ಸೊಟ್ಟಗಾಗದು. ರೆಕ್ಕೆಯ ಮರದ ನಾರು ಅದರ ಮುಂಚೂಣಿ ಅಂಚಿನುದ್ದಕ್ಕೆ ಹೋಗುವಂತೆ ಕತ್ತರಿಸಬೇಕು. ಅಡ್ಡ ಹೋದರೆ ಗಾಳಿಯ ಹೊಡೆತಕ್ಕೆ ರೆಕ್ಕೆ ಪಟ್ಟನೆ ಮುರಿಯುತ್ತದೆ. ಅಂಚುಗಳನ್ನು ಉಪ್ಪುಕಾಗದದಿಂದ ಉಜ್ಜಿ ದುಂಡಗೆ ಮಾಡಿ. ಅಂಟಿಸುವಾಗ ರೆಕ್ಕೆಯ ಬುಡಕ್ಕೂ ಕೊಳವೆಯ ಗೆರೆಗೂ ತೆಳುವಾಗಿ ಫೆವಿಕಾಲ್ ಸವರಿ ಒಣಗಲು ಬಿಡಿ, ಆಮೇಲೆ ಎರಡನೆಯ ಸಲ ಸವರಿ ಒತ್ತಿ ಹಿಡಿಯಿರಿ. ಮೊದಲ ಪದರ ರಟ್ಟಿನೊಳಕ್ಕೆ ಇಳಿದಿರುವುದರಿಂದ ಎರಡನೆಯದು ಗಟ್ಟಿಯಾಗಿ ಕಚ್ಚುತ್ತದೆ.

ಇನ್ನು ತೂಕದ ಹದ. ಪ್ರತಿ ರಾಕೆಟ್ಟಿಗೂ ಎರಡು ಬಿಂದುಗಳಿರುತ್ತವೆ. ಬೆರಳ ಮೇಲೆ ಅಡ್ಡ ಇಟ್ಟಾಗ ಯಾವ ಕಡೆಗೂ ವಾಲದೆ ನಿಲ್ಲುವ ಜಾಗ ಗುರುತ್ವ ಕೇಂದ್ರ. ಹಾರುವಾಗ ಪಕ್ಕದಿಂದ ಗಾಳಿ ತಳ್ಳುವ ಬಲವೆಲ್ಲ ಒಟ್ಟಾಗಿ ಬೀಳುವ ಜಾಗ ಒತ್ತಡ ಕೇಂದ್ರ. ಗುರುತ್ವ ಕೇಂದ್ರ ಮುಂದೆ, ಒತ್ತಡ ಕೇಂದ್ರ ಹಿಂದೆ ಇರಬೇಕು. ಎರಡರ ನಡುವೆ ಕಡೇಪಕ್ಷ ಕೊಳವೆಯ ಅಗಲದಷ್ಟಾದರೂ ಅಂತರ ಬೇಕು. ಆಗ ರಾಕೆಟ್ ಸ್ವಲ್ಪ ಓರೆಯಾದರೂ ಗಾಳಿ ಬಾಲವನ್ನು ಹಿಂದಕ್ಕೆ ತಳ್ಳಿ ಮೂತಿಯನ್ನು ಮತ್ತೆ ದಾರಿಗೆ ತರುತ್ತದೆ. ಹರಪನಹಳ್ಳಿ ಕಡೆಯ ಗಾಳಿಯಂತ್ರಗಳು ಗಾಳಿಯತ್ತ ಮುಖ ತಿರುಗಿಸಿಕೊಳ್ಳಲು ಮೋಟರ್ ಬೇಕು, ರಾಕೆಟ್ಟಿಗೆ ಅದರ ಬಾಲವೇ ಸಾಕು. ಒತ್ತಡ ಕೇಂದ್ರವನ್ನು ಅಂದಾಜು ಮಾಡಲು ಸುಲಭ ದಾರಿಯಿದೆ: ರಾಕೆಟ್ಟಿನ ನೆರಳಿನಾಕಾರವನ್ನು ರಟ್ಟಿನ ಮೇಲೆ ಬರೆದು ಕತ್ತರಿಸಿ, ಆ ರಟ್ಟು ಬೆರಳ ಮೇಲೆ ಎಲ್ಲಿ ಸಮ ನಿಲ್ಲುತ್ತದೆಂದು ನೋಡಿ. ಇದು ಇದ್ದುದಕ್ಕಿಂತ ತುಸು ಮುಂದಕ್ಕೇ ತೋರಿಸುತ್ತದೆ, ಅದು ಸುರಕ್ಷತೆಗೆ ಒಳ್ಳೆಯದೇ.

ಕೊನೆಯ ಪರೀಕ್ಷೆ ದಾರದ್ದು. ಮೋಟರ್ ಕೂರಿಸಿದ ರಾಕೆಟ್ಟಿನ ಗುರುತ್ವ ಕೇಂದ್ರಕ್ಕೆ ಎರಡು ಮೂರು ಮೀಟರ್ ದಾರ ಕಟ್ಟಿ ತಲೆಯ ಮೇಲೆ ಸುತ್ತ ಬೀಸಬೇಕು. ಮೂತಿ ಮುಂದಾಗಿ ಓಡಿದರೆ ಸರಿ. ಬಾಲ ಮುಂದಾದರೆ ಅಥವಾ ಗಿರಿಗಿರಿ ಉರುಳಿದರೆ ಮೂತಿಯೊಳಗೆ ಸ್ವಲ್ಪ ಜೇಡಿಮಣ್ಣು ತುಂಬಿ ಮತ್ತೆ ನೋಡಬೇಕು. ಈ ಪರೀಕ್ಷೆ ಮಾಡದೆ ಯಾವ ರಾಕೆಟ್ಟನ್ನೂ ಹಾರಿಸಬೇಡಿ.

ಮೋಟರಿನ ಮೇಲೆ ‘ಸಿ6-5’ ಎಂಬಂಥ ಗುರುತು ಇರುತ್ತದೆ. ಅಕ್ಷರ ಒಟ್ಟು ಆವೇಗದ, ಎಂದರೆ ಬಲ ಮತ್ತು ಕಾಲದ ಗುಣಲಬ್ಧದ ಅಳತೆ: ‘ಎ’ ಎಂದರೆ 2.5 ನ್ಯೂಟನ್-ಸೆಕೆಂಡಿನವರೆಗೆ, ‘ಬಿ’ 5ರವರೆಗೆ, ‘ಸಿ’ 10ರವರೆಗೆ. ನಡುವಿನ 6 ಸರಾಸರಿ ನೂಕುಬಲ, ನ್ಯೂಟನ್ನಿನಲ್ಲಿ. ಕೊನೆಯ 5 ಎಂದರೆ ಮದ್ದು ತೀರಿದ ಮೇಲೆ ಐದು ಸೆಕೆಂಡು ಹೊಗೆ ಬಿಡುವ ಮದ್ದು ಮಾತ್ರ ಉರಿಯುತ್ತದೆ. ಅಷ್ಟರಲ್ಲಿ ರಾಕೆಟ್ ತನ್ನ ವೇಗದಲ್ಲೇ ತುದಿಗೆ ಏರಿರುತ್ತದೆ. ಆಗ ಮೋಟರಿನ ಮೇಲ್ಭಾಗದ ಚಿಟಿಕೆ ಮದ್ದು ಸಿಡಿದು ಮೂತಿಯನ್ನು ತಳ್ಳಿ ಪ್ಯಾರಾಶೂಟನ್ನು ಹೊರಹಾಕುತ್ತದೆ. ಆ ಬಿಸಿಗೆ ಪ್ಲಾಸ್ಟಿಕ್ ಕರಗದಿರಲೆಂದು ನಡುವೆ ಬೆಂಕಿ ಹಿಡಿಯದ ಕಾಗದ ತುರುಕುತ್ತಾರೆ. ಪ್ಯಾರಾಶೂಟಿಗೆ ಟಾಲ್ಕಂ ಪೌಡರ್ ಉದುರಿಸಿ, ಹಾರಿಸುವ ತುಸು ಮುಂಚೆಯಷ್ಟೇ ಮಡಚಬೇಕು. ಹಿಂದಿನ ರಾತ್ರಿ ಮಡಚಿಟ್ಟರೆ ಮಡಿಕೆ ಕೂತು ಬಿಚ್ಚಿಕೊಳ್ಳದೆ ಹೋಗಬಹುದು.

ಇಳಿಸುವುದನ್ನು ಹಗುರವಾಗಿ ಕಾಣಬಾರದು. ಚಿತ್ರದುರ್ಗ ಜಿಲ್ಲೆಯಲ್ಲಿ ಇಸ್ರೋ 2023 ಮತ್ತು 2024ರಲ್ಲಿ ಮೂರು ಸಲ ಮಾಡಿದ್ದು ಇಳಿಸುವ ಪರೀಕ್ಷೆಯನ್ನೇ. ಹೆಲಿಕಾಪ್ಟರ್ ಸುಮಾರು 4.5 ಕಿ.ಮೀ. ಎತ್ತರದಿಂದ ಬಿಟ್ಟ ರೆಕ್ಕೆಯ ವಾಹನ ‘ಪುಷ್ಪಕ್’ ತಾನೇ ದಾರಿ ಹುಡುಕಿ ರನ್‌ವೇ ಮೇಲೆ ಇಳಿಯಿತು. ಅದರ ಓಟ ತಗ್ಗಿಸಿದ್ದರಲ್ಲಿಯೂ ಪ್ಯಾರಾಶೂಟಿನ ಪಾಲಿತ್ತು.

ಈಗ ನಮ್ಮೂರು ತಂಬ್ರಹಳ್ಳಿಯ ಮಾತು. ಕಿಟ್ಟಿನ ಕೊಳವೆ, ರೆಕ್ಕೆ ತರಿಸಲು ಅಡ್ಡಿಯಿಲ್ಲ. ಮೋಟರ್ ಹಾಗಲ್ಲ. ಅದರೊಳಗಿರುವುದು ಕರಿಮದ್ದು, ಅದು 1884ರ ಸ್ಫೋಟಕ ಕಾಯ್ದೆಯ ಅಡಿ ಬರುತ್ತದೆ. ಪರವಾನಗಿ ಇಲ್ಲದೆ ಹೊರದೇಶದಿಂದ ತರಿಸುವಂತಿಲ್ಲ, ಅಂಚೆಯಲ್ಲೂ ಬರುವಂತಿಲ್ಲ. ಮೋಟರ್ ರಾಕೆಟ್ ಹಾರಿಸುವ ಆಸೆಯಿದ್ದವರಿಗೆ ಕಾಲೇಜು ತಂಡಗಳೇ ದಾರಿ. 2025ರಲ್ಲಿ ಉತ್ತರ ಪ್ರದೇಶದ ಕುಶಿನಗರ ಜಿಲ್ಲೆಯಲ್ಲಿ ಕೇಂದ್ರ ಸರ್ಕಾರದ ಇನ್‌ಸ್ಪೇಸ್ ಸಂಸ್ಥೆ ವಿದ್ಯಾರ್ಥಿಗಳ ಮಾದರಿ ರಾಕೆಟ್ ಸ್ಪರ್ಧೆ ನಡೆಸಿತು. ಹಾಗೆ ಅವಕಾಶ ಸಿಕ್ಕಾಗ ಪಾಲಿಸಬೇಕಾದ ನಿಯಮಗಳು ಇವು: ರಾಕೆಟ್ಟಿನಿಂದ ಕನಿಷ್ಠ ಐದು ಮೀಟರ್ ದೂರ ನಿಂತು ವಿದ್ಯುತ್ ಸ್ವಿಚ್ಚಿನಿಂದ ಹೊತ್ತಿಸಬೇಕು, ಬೆಂಕಿಕಡ್ಡಿ ಕೂಡದು. ಹೊತ್ತದಿದ್ದರೆ ಸ್ವಿಚ್ಚಿನ ಕೀಲಿ ತೆಗೆದು ಒಂದು ನಿಮಿಷ ಯಾರೂ ಹತ್ತಿರ ಹೋಗಬಾರದು. ‘ಸಿ’ ಮೋಟರಿಗೆ 120 ಮೀಟರ್ ಅಗಲದ ಬಯಲಾದರೂ ಬೇಕು.

ಹಳ್ಳಿ ಶಾಲೆಗೆ ಇವತ್ತೇ ಎಟುಕುವುದು ನೀರಿನ ರಾಕೆಟ್. ನನಗೆ ಇದರ ಮೇಲೇ ಹೆಚ್ಚು ಒಲವು, ಏಕೆಂದರೆ ಬೆಂಕಿ ಇಲ್ಲದೆಯೇ ಮೇಲೆ ಹೇಳಿದ್ದೆಲ್ಲ ಇದರಲ್ಲಿ ಕಲಿಯಬಹುದು. ಎರಡು ಲೀಟರಿನ ಸೋಡಾ, ಕೂಲ್‌ಡ್ರಿಂಕ್ಸ್ ಬಾಟಲಿ ತೆಗೆದುಕೊಳ್ಳಿ. ಕುಡಿಯುವ ನೀರಿನ ತೆಳು ಬಾಟಲಿ ಬೇಡ, ಅದು ಒತ್ತಡಕ್ಕೆ ಮಾಡಿದ್ದಲ್ಲ. ಬಾಯಿ ಕೆಳಗೆ ಮಾಡಿ ದಪ್ಪ ರಟ್ಟಿನ ರೆಕ್ಕೆ ಅಂಟಿಸಿ, ತಲೆಗೆ ಮೂತಿ ಕೂರಿಸಿ ಒಳಗೆ ಜೇಡಿಮಣ್ಣು ಇಡಿ. ದಾರದ ಪರೀಕ್ಷೆಯನ್ನು ಖಾಲಿ ಬಾಟಲಿಯಲ್ಲೇ ಮಾಡಬೇಕು, ನೀರೆಲ್ಲ ಕಣ್ಣು ಮಿಟುಕಿಸುವಷ್ಟರಲ್ಲಿ ಚೆಲ್ಲಿಹೋಗಿ ಉಳಿದ ದಾರಿಯನ್ನು ಅದು ಖಾಲಿಯಾಗಿಯೇ ಹಾರುವುದರಿಂದ. ಮೂರನೇ ಒಂದು ಭಾಗ ನೀರು ತುಂಬಿ. ನೀರು ಹೆಚ್ಚಾದರೆ ಒತ್ತಿದ ಗಾಳಿಗೆ ಜಾಗ ಸಾಲದು, ಕಡಿಮೆಯಾದರೆ ಹಿಂದಕ್ಕೆ ಎಸೆಯಲು ತೂಕ ಸಾಲದು. ರಬ್ಬರ್ ಬಿರಡೆಗೆ ಪಂಕ್ಚರ್ ಅಂಗಡಿಯ ಹಳೆಯ ವಾಲ್ವ್ ತೂರಿಸಿ, ಉದ್ದನೆಯ ಪೈಪಿನಿಂದ ಸೈಕಲ್ ಪಂಪ್ ಜೋಡಿಸಿ, ಪಂಪ್ ಹೊಡೆಯುವವರೂ ಐದಾರು ಮೀಟರ್ ಆಚೆ ಇರುವಂತೆ ನೋಡಿಕೊಳ್ಳಿ. ಒತ್ತಡ ಏರಿದಾಗ ಬಿರಡೆ ತಾನೇ ಕಳಚುತ್ತದೆ. ಬಿರಡೆ ತೀರಾ ಬಿಗಿಯಾಗಿದ್ದು 50 ಪೌಂಡ್ ದಾಟಿಯೂ ಕಳಚದಿದ್ದರೆ ಗಾಳಿ ಬಿಟ್ಟು ಮತ್ತೆ ಸಡಿಲ ಮಾಡಿ ಕೂರಿಸಬೇಕು. ಗಾಳಿ ತುಂಬಿದ ಬಾಟಲಿಯ ಮೇಲೆ ಬಗ್ಗಿ ನೋಡುವುದು ಸಲ್ಲದು.

ಜಾಗಕ್ಕೆ ಇಲ್ಲಿ ಬರವಿಲ್ಲ. ಜೋಳ, ಮೆಕ್ಕೆಜೋಳ ಕೊಯ್ದ ಎರೆಹೊಲಗಳಿವೆ, ಬೇಸಿಗೆಯಲ್ಲಿ ತುಂಗಭದ್ರಾ ಹಿನ್ನೀರು ಸರಿದ ಬಯಲಿದೆ. ಹೊಲದ ಯಜಮಾನರನ್ನು ಕೇಳಿ, ಕರೆಂಟ್ ತಂತಿ ಮತ್ತು ಬಣವೆಗಳಿಂದ ದೂರ, ಬೆಳಿಗ್ಗೆ ಗಾಳಿ ಏಳುವ ಮುಂಚೆ ಹಾರಿಸಿ. ಆಷಾಢದ ಗಾಳಿಗೆ ಬೇಡವೇ ಬೇಡ. ನಮ್ಮದೇ ತಾಲ್ಲೂಕಿನ ಅಂಕಸಮುದ್ರ ಪಕ್ಷಿಧಾಮದ ಹತ್ತಿರ ಯಾವ ಕಾಲದಲ್ಲೂ ಬೇಡ. 2024ರಲ್ಲಿ ರಾಮ್ಸಾರ್ ಪಟ್ಟಿಗೆ ಸೇರಿದ ಜೌಗು ತಾಣವದು, ಗೂಡು ಕಟ್ಟಿದ ಹಕ್ಕಿಗಳು ಬೆದರಿದರೆ ಮರಿಗಳನ್ನು ಬಿಟ್ಟು ಏಳುತ್ತವೆ.

ಎತ್ತರ ಅಳೆಯಲು ಕೋನಮಾಪಕದ ನಡುವಿಂದ ದಾರಕ್ಕೊಂದು ನಟ್ಟು ಇಳಿಬಿಟ್ಟರೆ ಸಾಕು. ಹಾರಿಸುವ ಜಾಗದಿಂದ 50 ಮೀಟರ್ ಅಳೆದು ನಿಂತು, ರಾಕೆಟ್ ತುದಿ ಮುಟ್ಟಿದಾಗ ಕೋನ ನೋಡಿ. 30 ಡಿಗ್ರಿ ಬಂದರೆ 50ನ್ನು 0.577ರಿಂದ ಗುಣಿಸಿ, ನಿಂತವರ ಕಣ್ಣಿನ ಎತ್ತರ ಕೂಡಿಸಿ: ಸುಮಾರು 30 ಮೀಟರ್. ಹತ್ತನೇ ತರಗತಿಯ ಗಣಿತದಲ್ಲಿ ತ್ರಿಕೋನಮಿತಿಯ ಅನ್ವಯಗಳ ಪಾಠವಿದೆ. ಗಣಿತದ ಮೇಷ್ಟ್ರುಗಳು, ಟೀಚರುಗಳು ಆ ಪಾಠ ಬಂದ ವಾರ ಒಂದು ಬೆಳಿಗ್ಗೆ ಮಕ್ಕಳನ್ನು ಹೊಲಕ್ಕೆ ಕರೆದೊಯ್ಯಲಿ ಎಂಬುದು ನನ್ನ ಕೋರಿಕೆ. ಕೊನೆಗೊಂದು ಎಚ್ಚರಿಕೆ: ಬಾಟಲಿಯ ಮೇಲೆ ಬಿಳಿ ಗೆರೆ ಅಥವಾ ಗೀರು ಕಂಡರೆ ಅದನ್ನು ಮತ್ತೆ ಬಳಸದೆ ಎಸೆದು, ಹೊಸದನ್ನು ತೆಗೆದುಕೊಳ್ಳಿ.