ಗಡಿಯಾರ ಮಾತ್ರ ಬೇಡ

ಶಾಂಘೈನಲ್ಲಿ ಸಹೋದ್ಯೋಗಿಯ ಹೊಸ ಮನೆಗೆಂದು ಗೋಡೆ ಗಡಿಯಾರ ಆರಿಸಿದ್ದೆ. ಜೊತೆಗಿದ್ದ ಗೆಳತಿ ಕೈಹಿಡಿದು ತಡೆದಳು. ಚೀನೀ ಭಾಷೆಯಲ್ಲಿ ಗಡಿಯಾರ ಕೊಡುವುದು ‘ಸೊಂಗ್ ಝೊಂಗ್’. ಸಾಯುವವರನ್ನು ಕಳಿಸಿಕೊಡುವುದಕ್ಕೂ ಅದೇ ಉಚ್ಚಾರ! 2015ರಲ್ಲಿ ಬ್ರಿಟನ್ನಿನ ಸಚಿವೆ ಸೂಸನ್ ಕ್ರೇಮರ್ ತೈಪೆಯ ಮೇಯರ್‌ಗೆ ಜೇಬುಗಡಿಯಾರ ಕೊಟ್ಟು, ಆಮೇಲೆ ಕ್ಷಮೆ ಕೇಳಿದ್ದರು.

ಕೊನೆಗೆ ಕೆಂಪು ಕಾಗದ ಸುತ್ತಿದ ಚಹಾ ಡಬ್ಬಿ ಒಯ್ದೆ. ಸಹೋದ್ಯೋಗಿಯ ತಾಯಿ ಎರಡು ಸಲ ಬೇಡವೆಂದು, ಮೂರನೆಯ ಸಲ ಎರಡೂ ಕೈಯಲ್ಲಿ ಈಸಿಕೊಂಡರು. ನನ್ನೆದುರು ಬಿಚ್ಚಲೇ ಇಲ್ಲ. ನನಗೋ ಪಿಚ್ಚೆನಿಸಿತು, ಅದೇ ಅಲ್ಲಿನ ಮರ್ಯಾದೆಯಂತೆ.

ಮುಯ್ಯಿಯ ಲೆಕ್ಕವಂತೂ ನಮ್ಮದಕ್ಕೆ ತಿರುಗುಮುರುಗು. ನಾವು ನೂರರ ಮೇಲೊಂದು ರೂಪಾಯಿ ಇಡುತ್ತೇವೆ. ಅಲ್ಲಿ ಬೆಸಸಂಖ್ಯೆ ಸಾವಿನ ಮನೆಯ ಬಿಳಿ ಲಕೋಟೆಗೆ. ಮದುವೆಯ ಕೆಂಪು ಲಕೋಟೆಯಲ್ಲಿ 800 ಯುವಾನ್ ಇಡಿ, 400 ಬೇಡ. ನಾಲ್ಕು ಎಂದರೂ ಅವರ ಕಿವಿಗೆ ಸಾವೇ.