ಗುಂಡಿ ಒತ್ತುವ ಮೊದಲು ಒಂದು ಪ್ರಶ್ನೆ

ಎಂಟರಿಂದ ಹನ್ನೆರಡರವರೆಗಿನ 45,000 ತರಗತಿಗಳನ್ನು ಹೈಟೆಕ್ ಮಾಡುವ ಕೇರಳದ ಯೋಜನೆ 2018ರಲ್ಲಿ ಶುರುವಾಯಿತು. ನಮ್ಮ ಕಾಸರಗೋಡು, ಮಂಜೇಶ್ವರ ತಾಲೂಕುಗಳ ಕನ್ನಡ ಮಾಧ್ಯಮ ಕೋಣೆಗಳಿಗೂ ಪ್ರೊಜೆಕ್ಟರ್ ಬಂತು. ಐಟಿ ತರಬೇತಿಗೆ ನೀವೂ ಹೋಗಿದ್ದೀರಿ, ನಾನೂ ಹೋಗಿದ್ದೇನೆ. ಯಾವ ಕೇಬಲ್ ಎಲ್ಲಿಗೆ, ಸಮಗ್ರ ಪೋರ್ಟಲಿಗೆ ಲಾಗಿನ್ ಹೇಗೆ, ಉಬುಂಟುವಿನಲ್ಲಿ ಕನ್ನಡ ಟೈಪ್ ಮಾಡುವುದು ಹೇಗೆ, ಇಷ್ಟೆಲ್ಲ ಕೈಗೆ ಬಂದಿದೆ. ಆದರೆ ಪರದೆಯ ಮೇಲೆ ಚಿತ್ರ ಓಡುವಾಗ ಮಕ್ಕಳ ತಲೆಯಲ್ಲಿ ಏನು ಓಡುತ್ತಿದೆ? ಅದನ್ನು ತಿಳಿಯುವ ತರಬೇತಿಯನ್ನು ನಾವೇ ಒಬ್ಬರಿಗೊಬ್ಬರು ಕೊಟ್ಟುಕೊಳ್ಳಬೇಕಷ್ಟೆ.

ವಿದ್ಯುತ್ತಿನ ಪಾಠವನ್ನೇ ತೆಗೆದುಕೊಳ್ಳಿ. ಫೆಟ್ ಸಿಮ್ಯುಲೇಶನ್‌ಗಳು ನಿಮಗೆ ಗೊತ್ತಿರಬಹುದು. 2001ರ ನೊಬೆಲ್ ಪಡೆದ ಭೌತವಿಜ್ಞಾನಿ ಕಾರ್ಲ್ ವೀಮನ್ 2002ರಲ್ಲಿ ಅಮೆರಿಕದ ಕೊಲೊರಾಡೊ ವಿಶ್ವವಿದ್ಯಾಲಯದಲ್ಲಿ ಆರಂಭಿಸಿದ್ದು. ದುಡ್ಡು ಕೊಡಬೇಕಾಗಿಲ್ಲ, ಒಮ್ಮೆ ಇಳಿಸಿಕೊಂಡರೆ ನೆಟ್ ಕೂಡ ಬೇಡ. ಅದರಲ್ಲಿ 9 ವೋಲ್ಟಿನ ಬ್ಯಾಟರಿಗೆ 10 ಓಮಿನ ಎರಡು ಬಲ್ಬುಗಳನ್ನು ಸರಣಿಯಲ್ಲಿ ಜೋಡಿಸಿ. ಸ್ವಿಚ್ ಹಾಕಬೇಡಿ. "ಮೊದಲ ಬಲ್ಬಿನ ಹಿಂದೆ, ಎರಡರ ನಡುವೆ, ಎರಡನೆಯದರ ಮುಂದೆ ಹೀಗೆ ಮೂರು ಕಡೆ ಅಮ್ಮೀಟರ್ ಇಟ್ಟರೆ ಎಲ್ಲಿ ಕರೆಂಟ್ ಜಾಸ್ತಿ?" ಎಂದು ಕೇಳಿ. ಉತ್ತರವನ್ನು ನೋಟ್ ಪುಸ್ತಕದಲ್ಲಿ ಬರೆಸಿ, ಆಮೇಲೆ ಕೈ ಎತ್ತಿಸಿ.

ನನ್ನ ತರಗತಿಯಲ್ಲಿ ಹೆಚ್ಚಿನ ಕೈಗಳು ಎದ್ದದ್ದು "ಮೊದಲ ಬಲ್ಬಿನ ಹಿಂದೆ" ಎಂಬುದಕ್ಕೆ. "ಟೀಚರೇ, ಮೊದಲನೆಯ ಬಲ್ಬ್ ಸ್ವಲ್ಪ ಕರೆಂಟ್ ತಿಂದ ಮೇಲೆ ಉಳಿದದ್ದಲ್ವಾ ಮುಂದೆ ಹೋಗುವುದು?" ಎಂದ ಒಬ್ಬ. ತಪ್ಪು ಅವನ ಒಬ್ಬನದೇ ಅಲ್ಲ, ನಮ್ಮ ಆಡುಮಾತಿನದೂ ಹೌದು. ಮನೆಯಲ್ಲಿ ನಾವು ಆಡುವುದೇ ಹಾಗೆ: ಕರೆಂಟ್ ಖರ್ಚಾಯಿತು, ಕರೆಂಟ್ ಬಿಲ್ ಜಾಸ್ತಿ ಬಂತು. ಬಿಲ್ಲಿನ ಯೂನಿಟ್ ಅಳೆಯುವುದು ಶಕ್ತಿಯನ್ನು, ಒಂದು ಕಿಲೋವ್ಯಾಟ್ ಅವರ್. ಪ್ರವಾಹ ಬಲ್ಬಿನಲ್ಲಿ ಮುಗಿದುಹೋಗುವುದಿಲ್ಲ.

ಈಗ ಸ್ವಿಚ್ ಹಾಕಿ. ಮೂರು ಮೀಟರಿನಲ್ಲೂ 0.45 ಆಂಪಿಯರ್! ಬರೆದುಕೊಟ್ಟ ಉತ್ತರ ಎದುರಿಗೇ ಇರುವುದರಿಂದ ಮಕ್ಕಳು ಸುಮ್ಮನಿರುವುದಿಲ್ಲ, ಕಾರಣ ಕೇಳುತ್ತಾರೆ. ಮೊದಲೇ ತೋರಿಸಿಬಿಟ್ಟಿದ್ದರೆ "ಹೌದು ಟೀಚರ್" ಎಂದು ತಲೆಯಾಡಿಸಿ ಮುಗಿಸುತ್ತಿದ್ದರು.

ಅಲ್ಲಿಗೆ ನಿಲ್ಲಿಸಬೇಡಿ. ಟಾರ್ಚಿನ ಎರಡು ಹಳೆಯ ಫಿಲಮೆಂಟ್ ಬಲ್ಬು, ಸೆಲ್ಲುಗಳು, ಪ್ರಯೋಗಶಾಲೆಯ ಅಮ್ಮೀಟರ್ ತನ್ನಿ. (ಎಲ್‌ಇಡಿ ಬೇಡ, ಅದು ಬೇರೆಯೇ ಕತೆ.) ಸಿಮ್ಯುಲೇಶನ್‌ನಲ್ಲಿ ಒಂದು ಬಲ್ಬಿಗೆ 0.90, ಎರಡಕ್ಕೆ ಸರಿಯಾಗಿ ಅರ್ಧ. ನಿಜವಾದ ಬಲ್ಬಿನಲ್ಲಿ ಅರ್ಧಕ್ಕಿಂತ ಹೆಚ್ಚೇ ಬರುತ್ತದೆ. ಮಂದವಾಗಿ ಉರಿಯುವ ತಂತಿ ಕಡಿಮೆ ಬಿಸಿ, ಅದರ ರೋಧವೂ ಕಡಿಮೆ. ಪರದೆ ಹೇಳಿದ್ದೇ ಪೂರ್ತಿ ಸತ್ಯವಲ್ಲ ಎಂದು ಮಕ್ಕಳೇ ಕಂಡುಕೊಳ್ಳುವ ಈ ಹತ್ತು ನಿಮಿಷ ನನಗೆ ಇಡೀ ಪಾಠಕ್ಕಿಂತ ಇಷ್ಟ.

ಇನ್ನು ಭಾಷೆಯ ವಿಷಯ. ನಮ್ಮ ಜಿಲ್ಲೆಯಲ್ಲಿ ತರಬೇತಿಯ ಮಾತು ಹೆಚ್ಚಾಗಿ ಮಲಯಾಳ, ಸಿಮ್ಯುಲೇಶನ್‌ನದು ಹೆಚ್ಚಾಗಿ ಇಂಗ್ಲಿಷ್. ಕರ್ನಾಟಕದ ವಿಡಿಯೊ ಹಾಕಿದರೆ ಪಾರಿಭಾಷಿಕ ಪದಗಳು ಎಲ್ಲ ಕಡೆ ನಮ್ಮ ಪುಸ್ತಕಕ್ಕೆ ಹೊಂದುವುದಿಲ್ಲ. ಗುಂಡಿಗಳ ಮೇಲಿನ ಇಂಗ್ಲಿಷ್ ಅಷ್ಟೇನೂ ತೊಂದರೆ ಕೊಡದು. ಆದರೆ ಪ್ರಶ್ನೆ ಮಾತ್ರ ಮಗು ಯೋಚಿಸುವ ಮಾತಿನಲ್ಲೇ ಇರಬೇಕು. ತುಳು, ಹವ್ಯಕ, ಕೊಂಕಣಿ, ಬ್ಯಾರಿ ಮಾತಾಡುವ ಮನೆಗಳಿಂದ ಬರುವವರು ನಮ್ಮ ಮಕ್ಕಳು. "ಕರೆಂಟ್ ತಿಂದಿತು" ಎನ್ನುವ ಉತ್ತರ ಅಚ್ಚ ಪುಸ್ತಕದ ಪ್ರಶ್ನೆಗೆ ಸಿಗುತ್ತಿರಲಿಲ್ಲ.

ಹಾಗಾಗಿ ಒಂದು ಕೋರಿಕೆ. ಮುಂದಿನ ಕ್ಲಸ್ಟರ್ ತರಬೇತಿಗೆ ಬರುವಾಗ ಪೆನ್‌ಡ್ರೈವಿನಲ್ಲಿ ಒಂದು ಸಿಮ್ಯುಲೇಶನ್, ಅದಕ್ಕೆ ನೀವು ಕನ್ನಡದಲ್ಲಿ ಕೇಳಿದ ಎರಡು ಪ್ರಶ್ನೆ, ಮಕ್ಕಳು ಕೊಟ್ಟ ತಪ್ಪು ಉತ್ತರಗಳನ್ನು ಅವರದೇ ಮಾತಿನಲ್ಲಿ ಬರೆದ ಒಂದು ಹಾಳೆ ತನ್ನಿ. ಸರಿ ಉತ್ತರ ಬೇಡ, ಅದು ನಮ್ಮೆಲ್ಲರ ಬಳಿ ಇದೆ.